ಡಿಲೀಟಿನ ಮೇಲಿನ ಮುಚ್ಚಳ

ಅಕ್ಕೋರ ಅರಿಶಿನದ ಬೆರಳಿನ ಗುರುತು ಅಂಟಿದ್ದ ಆ ಕರಿ ಹಾರ್ಡ್ ಡಿಸ್ಕ್ ಬಸ್ಸಿನಲ್ಲಿ ನನ್ನ ತೊಡೆಯಿಂದ ಜಾರಿ ಬೀಳಬಹುದಿತ್ತು. ಪಕ್ಕದವನ ನೀರಿನ ಬಾಟಲಿ ಅದರ ಮೇಲೆ ಉರುಳಬಹುದಿತ್ತು. ನಮ್ಮೂರು ಸಿರುಗುಪ್ಪ ಮುಟ್ಟುವ ಹೊತ್ತಿಗೆ ಬಿಸಿಲಿಗೆ ಒಳಗಿನದೆಲ್ಲ ಕರಗಬಹುದಿತ್ತು. ಹಾಗೆ ಕರಗುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ, ಆದರೆ ನಮ್ಮ ಕಡೆಯ ಬಿಸಿಲನ್ನು ನಂಬುವಂತಿಲ್ಲ. ಮನೆಯಲ್ಲಿ ಚುಚ್ಚಿದ ಕೂಡಲೇ ಕಂಪ್ಯೂಟರ್ ‘ಫಾರ್ಮ್ಯಾಟ್ ಮಾಡಲೇ?’ ಎಂದು ಕೇಳಬಹುದಿತ್ತು, ನಾನು ಗಾಬರಿಯಲ್ಲಿ ಹೂಂ ಅನ್ನಬಹುದಿತ್ತು. ಎಲ್ಲಕ್ಕಿಂತ ಕೆಟ್ಟದ್ದೆಂದರೆ, ಜಾಗ ಮಾಡುವ ಭರದಲ್ಲಿ ಬೇಡದ್ದನ್ನೆಲ್ಲ ಉಳಿಸಿ ಅಕ್ಕೋರನ್ನೇ ಅಳಿಸಬಹುದಿತ್ತು.

ಅಕ್ಕೋರು ತೀರಿಕೊಂಡು ಆಗಿನ್ನೂ ಕೆಲವೇ ದಿನ. ಕುರುಗೋಡಿನಲ್ಲಿರುವ ಅವರ ಮಗಳು ಅಕ್ಕೋರ ಕಂಟೋನ್ಮೆಂಟಿನ ಮನೆಗೆ ನನ್ನನ್ನು ಕರೆಸಿ ಆ ಡಿಸ್ಕನ್ನು ಕೈಗಿತ್ತಿದ್ದಳು. “ಅಣ್ಣಾ, ಊರವರ ಮದುವಿ ಎಲ್ಲಾ ಅದಾವು ಇದರಾಗ. ನಮ್ಮವ್ವ ಮಾತಾಡಿದ್ದು ಒಂದರ ಐತೇನು ನೋಡು. ಫೋಟೋ ಅದಾವು, ದನಿ ಇಲ್ಲ. ತಿಂಗಳ ಪೂಜಿಗೆ ಮಂದಿ ಬರ್ತಾರ, ತೋರಿಸಬೇಕು.”

ಐತಿ ಎಂದು ನನಗೆ ಗೊತ್ತಿತ್ತು. ಎಲ್ಲಿ ಐತಿ ಎಂದು ಗೊತ್ತಿರಲಿಲ್ಲ. ನನ್ನ ಬಾಳೆಲ್ಲ ಈ ಎರಡರ ನಡುವೆಯೇ ಕಳೆದಿದೆ.

ನಾನು ಮದುವೆ ವಿಡಿಯೋ ತೆಗೆಯುವವನು. ಅವುಗಳನ್ನು ಕತ್ತರಿಸಿ ಜೋಡಿಸಿ ಹಾಡು ಹಾಕಿ ಕೊಡುತ್ತಿದ್ದವರು ಅಕ್ಕೋರು. ಸಾರಿಗೆ ಒಗ್ಗರಣೆ ಹಾಕಿ ಕೈ ಒರೆಸಿಕೊಳ್ಳುತ್ತ ಬಂದು ಹಾಗೇ ಕುಳಿತುಬಿಡುವರು. ಅವರ ಮೌಸಿನ ಎಡಭಾಗ ಹಳದಿಗಟ್ಟಿತ್ತು. ಕೀಬೋರ್ಡಿನ ಡಿಲೀಟ್ ಬಟನ್ನಿನ ಮೇಲೆ ನೋವಿನ ಮುಲಾಮು ಡಬ್ಬಿಯ ಹಸಿರು ಮುಚ್ಚಳವನ್ನು ಒಂದು ಬದಿಗೆ ಟೇಪು ಹಚ್ಚಿ ಕೂರಿಸಿದ್ದರು. ಏನನ್ನಾದರೂ ಅಳಿಸಬೇಕೆಂದರೆ ಪುಟ್ಟ ಬಾಗಿಲು ತೆರೆದಂತೆ ಅದನ್ನು ಎತ್ತಬೇಕು. “ಎತ್ತೂದ್ರಾಗ ಒಂದ್ ಸಲ ಬುದ್ಧಿ ಬರ್ತತಿ” ಎನ್ನುವರು. ಇನ್ನೊಂದು ಅಭ್ಯಾಸ, ನಗೆಮಾತು ಮುಗಿಯುವ ಮೊದಲೇ ನಕ್ಕುಬಿಡುವುದು. ಮನಸಾರೆ ನಕ್ಕು, “ಹೂಂ, ಮುಂದ ಹೇಳು” ಎನ್ನುವರು. ಅಷ್ಟರಲ್ಲಿ ನನಗೇ ಮರೆತುಹೋಗಿರುತ್ತಿತ್ತು.

ಒಂದು ಬೆಳಿಗ್ಗೆ ಅವರ ಬಾಗಿಲಿಗೆ ಓಡಿಬಂದಿದ್ದೆ. ಸಂಜೆ ಕುರುಗೋಡಿನಲ್ಲಿ ಅರಿಶಿನ ಶಾಸ್ತ್ರದ ಶೂಟಿಂಗ್, ಆದರೆ ಕ್ಯಾಮೆರಾದ ಕಾರ್ಡುಗಳೆಲ್ಲ ಹಿಂದಿನ ಮದುವೆಯಿಂದ ತುಂಬಿವೆ, ನನ್ನ ಡಿಸ್ಕಿನಲ್ಲಿ ಉಸಿರಾಡಲೂ ಜಾಗವಿಲ್ಲ. ಅಕ್ಕೋರು ಡಿಸ್ಕ್ ತೆರೆದರು. ಒಳಗೆ ನಾನಿಟ್ಟ ಹೆಸರುಗಳು: ‘ಸಿರುಗುಪ್ಪ ಮದುವಿ’. ‘ಸಿರುಗುಪ್ಪ ಮದುವಿ ಹೊಸಾದು’. ‘ಸಿರುಗುಪ್ಪ ಮದುವಿ ಇದೇ ಕರೆಕ್ಟ್’. ‘ಇದನ್ನ ಮುಟ್ಟಬ್ಯಾಡ್ರಿ’.

“ತಮ್ಮಾ, ಮದುವಿ ಒಂದ ಆಗೇತಲ್ಲ? ಎಷ್ಟು ಸಲ ತಾಳಿ ಕಟ್ಟಿಸೀಯಪ್ಪಾ ಆ ಹುಡುಗನ ಕೈಲಿ?”

“ಒಂದು ಹಾಳಾದ್ರ ಇನ್ನೊಂದಿರ್ಲಿ ಅಂತ, ಅಕ್ಕೋರ.”

“ಎಲ್ಲಾ ಒಂದ ಡಿಸ್ಕಿನಾಗ ಇಟ್ಟೀಯಲ್ಲೋ! ಅದು ಸತ್ರ ಎಲ್ಲಾ ಕೂಡೇ ಸಾಯ್ತಾವು. ಡಿಸ್ಕ್ ತುಂಬಿದ್ದು ಮದುವಿಗಲ್ಲ, ನಿನ್ನ ಅಂಜಿಕಿಗೆ.”

ಇವುಗಳಲ್ಲಿ ಮೂಲ ಯಾವುದು ಎಂದು ಕೇಳಿದರು. ನಾನು ಒಂದನ್ನು ತೋರಿಸಿದೆ. ಆಮೇಲೆ ಇನ್ನೊಂದನ್ನು ತೋರಿಸಿದೆ. ಅವರು ನನ್ನ ಬೆರಳನ್ನು ನೋಡುವುದು ಬಿಟ್ಟು ಕೆಲಸಕ್ಕೆ ಕೂತರು.

ಮೊದಲು ತೆಗೆದದ್ದು ಎಡಿಟ್ ಮಾಡುವಾಗ ಸಾಫ್ಟ್‌ವೇರ್ ತನ್ನ ಅನುಕೂಲಕ್ಕೆ ತಾನೇ ಕೂಡಿಟ್ಟುಕೊಂಡ ಫೈಲುಗಳನ್ನು. ಅದೇ ರಾಶಿ ರಾಶಿ ಇತ್ತು. ನಾನು ಅಯ್ಯೋ ಅಂದೆ. “ಇದು ಚಹಾ ಸೋಸಿದ ಪುಡಿ. ಬೇಕಂದ್ರ ಮತ್ತ ಕುದಿಸ್ಕೊಳ್ಳಾಕ ಬರ್ತತಿ. ಕ್ಯಾಮೆರಾದಾಗ ಬಂದದ್ದು ಹಾಲು. ಅದನ್ನ ಚೆಲ್ಲಿ ಎಮ್ಮಿ ಮುಂದ ಕುಂತ್ರ ನಿನ್ನೆ ಹಾಲು ಬರ್ತತೇನು?” ಮದುವೆಯ ಜೋಡಣೆಯ ಫೈಲನ್ನು ಮುಟ್ಟಲಿಲ್ಲ. ಕಾರ್ಡಿನಲ್ಲಿದ್ದದ್ದನ್ನು ತಮ್ಮ ಡಿಸ್ಕಿಗೊಮ್ಮೆ, ಜಾಗವಾದ ನನ್ನ ಡಿಸ್ಕಿಗೊಮ್ಮೆ ಇಳಿಸಿದರು. ಇಳಿಯಿತಲ್ಲ ಎಂದು ನಾನು ಎದ್ದೆ.

“ಕುಂದ್ರು. ಇಳಿದದ್ದು ಓಡ್ತತೋ ಇಲ್ಲೋ ಯಾರು ನೋಡ್ಬೇಕು? ಸುರು ನೋಡು, ನಡುವ ನೋಡು, ಕೊನಿ ನೋಡು. ಫೈಲು ಕೆಡೂದು ಬಾಲದಾಗ.”

ನೋಡಿದೆವು. ಮುಚ್ಚಳ ಎತ್ತುವ ಮೊದಲು ಅವರದೊಂದು ಶಾಸ್ತ್ರವಿತ್ತು. ಪಕ್ಕದಲ್ಲಿ ಕೂತವರು ಬಾಯಿಬಿಟ್ಟು ‘ಆತು’ ಅನ್ನಬೇಕು.

“ಆದಂಗ ಆತ್ರಿ” ಅಂದೆ.

“ಆದಂಗ ಬ್ಯಾಡ. ಆತೋ, ಇಲ್ಲೋ?”

“ಆತು.”

ಮುಚ್ಚಳ ಎತ್ತಿ ಒತ್ತಿದರು. ಕಾರ್ಡು ಖಾಲಿ. ಕ್ಯಾಮೆರಾಕ್ಕೆ ಹಾಕಿ, ಸರಿಯಿದೆಯೋ ಎಂದು ಅವರ ಕಡೆಗೇ ತಿರುಗಿಸಿದೆ. “ಏ, ಈಗ ಖಾಲಿ ಮಾಡೀನಿ, ನನ್ನ ಯಾಕ ತುಂಬ್ತಿ ಅದರಾಗ? ತಗಿ ಅದನ್ನ!” ಎಂದು ಸೆರಗು ಅಡ್ಡ ಹಿಡಿದರು. ಆಮೇಲೆ ನಾನೇನೋ ಹೇಳಲು ಹೊರಟೆ, ಹೇಳುವ ಮುಂಚೆಯೇ ಅವರಿಗೆ ನಗು.

ತೆಗೆ ಅಂದರೂ ಆ ತುಣುಕನ್ನು ನಾನು ತೆಗೆಯಲಿಲ್ಲ. ಧೈರ್ಯವಲ್ಲ, ಅಂಜಿಕೆ. ಮದುವೆಯವರದೇನಾದರೂ ಅದರ ಜೊತೆ ಹೋದರೆ? ಅದೂ ಆ ಸಂಜೆಯ ಅರಿಶಿನ ಶಾಸ್ತ್ರದ ವಿಡಿಯೋದ ಜೊತೆ ಅಕ್ಕೋರ ಡಿಸ್ಕಿಗೇ ಬಂತು, ನನ್ನ ಯಾವುದೋ ‘ಇದೇ ಕರೆಕ್ಟ್’ ಒಳಗೆ.

ಮುಂದೆ ಅವರಿಗೆ ಕಾಯಿಲೆ ಬಂತು. ಆಸ್ಪತ್ರೆಗೆ ನೋಡಲು ಹೋದಾಗ ಮಾತು ಕಡಿಮೆಯಾಗಿತ್ತು, ನನ್ನ ಮುಖ ನೋಡಿ, “ಜಾಗ ಐತೇನು?” ಎಂದು ಕೇಳಿದರು. ನನ್ನ ಡಿಸ್ಕಿನ ಬಗ್ಗೆ ಕೇಳಿದರೋ, ಕುಳಿತುಕೊಳ್ಳಲು ಜಾಗವಿದೆಯೇ ಎಂದರೋ, ನನಗೆ ತಿಳಿಯಲಿಲ್ಲ. ಎರಡಕ್ಕೂ ಸರಿಹೋಗಲಿ ಎಂದು “ಐತ್ರಿ” ಅಂದೆ.

ಡಿಸ್ಕ್ ಸುರಕ್ಷಿತವಾಗಿ ಸಿರುಗುಪ್ಪ ಮುಟ್ಟಿತು. ಚುಚ್ಚಿದರೆ ತೆರೆಯಿತು. ಅಕ್ಕೋರೂ ಸಿಕ್ಕರು, ಸೆರಗು ಅಡ್ಡ ಹಿಡಿದುಕೊಂಡು. ಆದರೆ ವಿಡಿಯೋ ಮಾಡಲು ನನ್ನ ಕಂಪ್ಯೂಟರಿನಲ್ಲಿ ಜಾಗವಿರಲಿಲ್ಲ. ನಾನು ಬದಲಾಗಿದ್ದರೆ ತಾನೆ? ಅವರು ಹೇಳಿಕೊಟ್ಟಂತೆ ಮೊದಲು ಚಹಾಪುಡಿ ಚೆಲ್ಲಿದೆ. ಅಕ್ಕೋರ ತುಣುಕನ್ನು ಬೇರೊಂದು ಡಿಸ್ಕಿಗೆ ಇಳಿಸಿದೆ. ಸುರು ನೋಡಿದೆ, ನಡುವೆ ನೋಡಿದೆ. ಕೊನೆಯಲ್ಲಿ ಅವರು ನಗುತ್ತಾರೆಂದು ಗೊತ್ತಿತ್ತು. ಅದನ್ನು ನೋಡಲು ಆಗಲಿಲ್ಲ. ಮಗಳನ್ನು ಕೇಳಿ ತಂದು ನನ್ನ ಕೀಬೋರ್ಡಿಗೆ ಹಚ್ಚಿಕೊಂಡಿದ್ದ ಹಸಿರು ಮುಚ್ಚಳ ಎತ್ತಿ, ಖಾಲಿ ಕೋಣೆಯಲ್ಲಿ ಗಟ್ಟಿಯಾಗಿ ‘ಆತು’ ಎಂದು, ಹಳೆಯ ಮದುವೆಯ ನಕಲುಗಳನ್ನು ಅಳಿಸಿದೆ. ಹಳೆಯ ಫೋಟೋಗಳ ಹಿಂದೆ ಆ ತುಣುಕು ಜೋಡಿಸಿದೆ.

ಕುರುಗೋಡಿನ ಮನೆಯ ಪಡಸಾಲೆಯಲ್ಲಿ ಟೀವಿ ಹಚ್ಚಿದರು. ಕರೆಂಟು ಹೋಗಲಿಲ್ಲ. ಪೆನ್‌ಡ್ರೈವ್ ಕೈಕೊಡಲಿಲ್ಲ. ಅಕ್ಕೋರು ಬಂದರು, ಬೈದರು, ಬಂದವರೆಲ್ಲ ಕಣ್ಣೊರೆಸಿಕೊಂಡರು. ಕೊನೆಗೆ ಬಂದಾಗ ಎಲ್ಲೋ ದನಿ ಮುಂದೆ ಸರಿದಿತ್ತು. ಚಿತ್ರ ಹಿಂದೆ ಬಿದ್ದಿತ್ತು.

“ಸರಿ ಮಾಡಿ ಕೊಡ್ತೀನವ್ವಾ, ಮೂಲ ಐತಿ” ಎಂದು ಮಗಳ ಹತ್ತಿರ ಓಡಿದೆ.

ಅವಳು ಟೀವಿಯಿಂದ ಕಣ್ಣು ತೆಗೆಯಲಿಲ್ಲ. “ಬ್ಯಾಡ ಬಿಡಣ್ಣಾ. ಯಾವತ್ತರ ನಮ್ಮವ್ವ ಸರಿಯಾದ ಟೈಮಿಗೆ ನಕ್ಕಾಳೇನು?”

ಮೂಲದಲ್ಲೂ ಹಾಗೇ ಇದೆಯೋ, ನಾನು ಜೋಡಿಸುವಾಗ ಸರಿಯಿತೋ, ಇವತ್ತಿಗೂ ತೆರೆದು ನೋಡಿಲ್ಲ. ಎರಡು ಡಿಸ್ಕಿನಲ್ಲಿದೆ, ಎರಡು ಊರಿನಲ್ಲಿದೆ, ಅಷ್ಟನ್ನು ಕಲಿತಿದ್ದೇನೆ. ನಾನು ಹೆದರಿದ್ದರಲ್ಲಿ ಒಂದೂ ಆಗಲಿಲ್ಲ. ಆದದ್ದು ಇಷ್ಟೇ: ಅಕ್ಕೋರ ತುಟಿ ಅರಳುವುದಕ್ಕಿಂತ ಒಂದು ಚಣ ಮೊದಲು ಅವರ ನಗು ಬಂತು.