ಹಾಲಮ್ಮನ ಮಾಳಿಗೆಗೆ ಬಂದ ಮಿಷನ್ನು

ಬೆಳಿಗ್ಗೆ ಕನ್ನಡಕ ಒರೆಸಿದರೆ ಸೆರಗಿಗೆ ಬಿಳಿ ಪುಡಿ ಹತ್ತಿತು. ನಾಲ್ಕು ದಿನದಿಂದ ಕಣ್ಣೇ ಮಂಜಾಯಿತು ಅಂದುಕೊಂಡಿದ್ದೆ. ಮಂಜು ನನ್ನ ಕಣ್ಣಿನದಲ್ಲ, ಊರಾಚೆಯ ಸುಣ್ಣದ ಫ್ಯಾಕ್ಟರಿಯದು. ಮತ್ತೆ ಶುರುವಾಗಿದೆ.

ಮತ್ತೆ ಅಂದೆನಲ್ಲ, ಹಿಂದಿನದನ್ನೂ ಹೇಳಬೇಕು. ಹೊಸದುರ್ಗದ ಕಡೆಯ ಈ ಊರಿನಲ್ಲಿ ನಾನು, ನನ್ನ ವಾರಗಿತ್ತಿ ಹಾಲಮ್ಮ ಒಂದೇ ಮನೆಯಲ್ಲಿದ್ದೇವೆ. ಅವಳು ಅಕ್ಕಿ ಸಂಡಿಗೆ ಮಾಡಿ, ಮಾಳಿಗೆ ಮೇಲೆ ಒಣಗಿಸಿ ಹೊಳಲ್ಕೆರೆಯ ಅಂಗಡಿಗಳಿಗೆ ಹಾಕುತ್ತಾಳೆ. ಅದೇ ಅವಳ ಅನ್ನ. ಕೆಲವು ವರ್ಷದ ಹಿಂದೆ ಫ್ಯಾಕ್ಟರಿ ಧೂಳು ಬಿದ್ದು ಸಂಡಿಗೆ ಹಲ್ಲಿಗೆ ಕರಕರ ಅನ್ನತೊಡಗಿತು. ಅಂಗಡಿಯವರು ಬೇಡವೆಂದರು. ಊರವರು ಅರ್ಜಿ ಕೊಟ್ಟರು. ಎಷ್ಟೋ ತಿಂಗಳಾದ ಮೇಲೆ ಚಿತ್ರದುರ್ಗದ ಮಾಲಿನ್ಯ ನಿಯಂತ್ರಣ ಆಫೀಸಿನಿಂದ ಒಬ್ಬ ಮೇಡಂ ಬಂದು, ನಮ್ಮ ಮಾಳಿಗೆ ಮೇಲೆ ಗಾಳಿ ಎಳೆಯುವ ಮಿಷನ್ನು ಇಟ್ಟರು. ಒಳಗೆ ಧೂಳು ಹಿಡಿಯುವ ಬಿಳಿ ಕಾಗದ.

"ಗಾಳೀಲಿ ಇಷ್ಟೇ ಧೂಳಿರಬೇಕು ಅಂತ ಸರ್ಕಾರ ಮಿತಿ ಇಟ್ಟೈತಮ್ಮ. ಅದು ಮೀರಿದ್ರೆ ಫ್ಯಾಕ್ಟರಿಗೆ ನೋಟಿಸು."

"ಧೂಳಿಗೂ ರೇಷನ್ ಐತೇನ್ರಿ?" ಎಂದಳು ಹಾಲಮ್ಮ.

"ಐತೆ. ನಿಮಗೆ ಜಾಸ್ತಿ ಕೊಡ್ತಾ ಅವ್ರಾ ನೋಡಾಣ. ನಾಳೆ ಬರ್ತೀನಿ, ಮಿಷನ್ ಮುಟ್ಟಬ್ಯಾಡ್ರಿ."

ಹಾಲಮ್ಮನಿಗೊಂದು ಚಾಳಿಯಿದೆ. ಬಂದವರ ಸಾಮಾನು ಬಿಸಿಲಲ್ಲಿದ್ದರೆ ತಡೆಯಲಾರಳು. ಕುರಿಯವರು ನೀರಿಗೆಂದು ನಿಂತರೂ ಅವರ ಬುತ್ತಿಗೆ ಒದ್ದೆ ಬಟ್ಟೆ ಸುತ್ತಿ ನೆರಳಿಗಿಡುತ್ತಾಳೆ. ಮಿಷನ್ನು ಮುಟ್ಟಲಿಲ್ಲ, ನಿಜ. ಸುತ್ತ ನಾಲ್ಕು ಕೋಲು ನಿಲ್ಲಿಸಿ ಹಳೇ ಸೀರೆ ನೆನೆಸಿ ಕಟ್ಟಿದಳು. ಒಣಗಿದಾಗೆಲ್ಲ ನೀರು ಚಿಮುಕಿಸಿದಳು. ನಾನೂ ನೋಡಿದೆ. ಅಚ್ಚುಕಟ್ಟಾಗಿ ಕಟ್ಟಿದ್ದಾಳೆ ಅಂದುಕೊಂಡೆ. ನನ್ನ ಬುದ್ಧಿಯೂ ಅಷ್ಟೇ. ಮರುದಿನ ಮೇಡಂ ಬರುವ ಮೊದಲೇ ಹರಕು ಸೀರೆ ಕಾಣಬಾರದೆಂದು ಬಿಚ್ಚಿಟ್ಟಳು.

ಮೇಡಂ ಕಾಗದ ತೆಗೆದುಕೊಂಡು ಹೋದರು. ಕೆಲವು ದಿನ ಕಳೆದು ಮತ್ತೆ ಬಂದು, ಧೂಳು ಮಿತಿಯೊಳಗೇ ಇದೆ ಎಂದರು.

"ನಿಮ್ಮ ಮಿಷನ್ ಸುಳ್ಳು ಹೇಳ್ತೈತೆ," ಎಂದಳು ಹಾಲಮ್ಮ. "ಬಿಸಿಲು ತಾಕದಂಗೆ ಒದ್ದೆ ಸೀರೆ ಕಟ್ಟಿ ಸಾಕಿದ್ದಕ್ಕೆ ಇದಾ ಫಲ?"

ಮೇಡಂ ಮೆಟ್ಟಿಲ ಮೇಲೆ ಕುಳಿತುಬಿಟ್ಟರು. ನಾನು ಸೀರೆ ತಂದು ಕೊಟ್ಟೆ. ಗಾರೆ ಮೆತ್ತಿದ ಹಾಗೆ ಸೆಟೆದುಕೊಂಡಿತ್ತು. ಮಡಿಸಿದರೆ ಪುಡಿ ಉದುರಿತು.

"ಎಲ್ಲಾ ಇದ್ರಾಗೇ ಐತೆ. ಇದನ್ನ ಅಳೀರಿ," ಎಂದೆ.

"ಸೀರೆ ಅಳೆಯೋ ಕಾನೂನಿಲ್ಲಮ್ಮ. ಮತ್ತೆ ಮೊದಲಿಂದ ಇಡಬೇಕು."

ಮತ್ತೆ ಮೊದಲಿಂದ ಅಂದರೆ ಇನ್ನೊಂದು ಬೇಸಿಗೆ. ಸಂಡಿಗೆಯ ಕಾಲವೇ ಅದು. ಅಷ್ಟು ದಿನವೂ ಹಾಲಮ್ಮ ಕಂಡವರ ಹೊಲದಲ್ಲಿ ಕಳೆ ಕಿತ್ತಳು. ಎರಡನೇ ಸಲ ಮಿಷನ್ನು ಬಂದಾಗ ನಾನು ಮಾಳಿಗೆ ಮೇಲೆ ಕೋಲು ಹಿಡಿದು ಕುಳಿತೆ. ಕಾವಲು ಮಿಷನ್ನಿಗಲ್ಲ, ಹಾಲಮ್ಮನಿಗೆ.

"ಪಾಪ, ಕಾದು ಕೆಂಡ ಆಗೈತೆ ಕಣೆ," ಎಂದು ಏಣಿಯಲ್ಲಿ ತಲೆ ಹಾಕಿದಳು.

"ಇಳಿಯೇ ಕೆಳಕ್ಕೆ."

ಆ ಸಲ ಮಿತಿ ಮೀರಿತು. ನೋಟಿಸು ಹೋಗಿ, ಫ್ಯಾಕ್ಟರಿಯವರು ಚಿಮಣಿಗೆ ಧೂಳು ಹಿಡಿಯುವ ಚೀಲ ಹಾಕಿಸಿದರು. ಸಂಡಿಗೆ ಮತ್ತೆ ಹೊಳಲ್ಕೆರೆಗೆ ಹೋಯಿತು. ಈಗ ಚೀಲ ಹರಿದಿರಬೇಕು, ಇಲ್ಲವೇ ಬಿಚ್ಚಿಟ್ಟಿರಬೇಕು. ಯಾರಾದರೂ ಬಂದು ಅಳೆಯುವವರೆಗೆ ಅವರೂ ಹೇಳುವುದಿಲ್ಲ.

ಈ ಸಲ ಅರ್ಜಿಗೆ ಕಾಯದೆ ನಾನೇ ಫೋನು ಮಾಡಿದೆ. ಆ ಮೇಡಂ ವರ್ಗವಾಗಿದ್ದಾರೆ. ಹೊಸ ಆಫೀಸರು ಸೋಮವಾರ ಮಿಷನ್ನು ತರುತ್ತಾರಂತೆ. ಹಾಲಮ್ಮನಿಗೆ ಹೇಳಿದೆ. ಅವಳು ನೆನೆಹಾಕಲು ತೆಗೆದ ಅಕ್ಕಿಯನ್ನು ವಾಪಸು ಡಬ್ಬಿಗೆ ಸುರಿದು, ಚೀಲಕ್ಕೆ ಎರಡು ಸೀರೆ ತುರುಕಿದಳು.

"ಎಲ್ಲಿಗೆ?"

"ಹಿರಿಯೂರಿಗೆ, ಮಗಳ ಮನೆಗೆ. ಮಿಷನ್ ಹೋದಮ್ಯಾಲೆ ಫೋನ್ ಮಾಡು, ಬರ್ತೀನಿ. ಇಲ್ಲಿದ್ರೆ ನನ್ನ ಕೈ ಸುಮ್ನಿರಲ್ಲ."