ಎಣ್ಣೆಸಿಂಧೂರ ಮತ್ತು ವೈನಿಯ ಆಂಟೆನಾ

ಆಂಟೆನಾವನ್ನು ಹೆಗಲ ಮೇಲಿಟ್ಟುಕೊಂಡು ಕಾಶಿಯ ಕೇದಾರ ಘಾಟಿನ ಗಲ್ಲಿಯಲ್ಲಿ ನಡೆದವನು ನಾನು. ಅಣ್ಣ ಇದನ್ನು ಒಪ್ಪುವುದಿಲ್ಲ, ಹೊತ್ತವನು ತಾನೇ ಎನ್ನುತ್ತಾನೆ. ಅವನ ಲೆಕ್ಕದಲ್ಲಿ ಅದು ನಾಲ್ಕಡಿ, ನನ್ನ ಲೆಕ್ಕದಲ್ಲಿ ಆರಡಿ. ಟೇಪು ಹಿಡಿದರೆ ಎರಡು ನಿಮಿಷದಲ್ಲಿ ಮುಗಿಯುವ ಜಗಳ ಇದು. ಜೀಪು ಸೋನಾರ್‌ಪುರದ ರಸ್ತೆಯ ಹಿಂದಿನ ಖಾಲಿ ಜಾಗದಲ್ಲೇ ನಿಂತಿದೆ, ಆಂಟೆನಾ ಅದರ ಬೆನ್ನ ಮೇಲಿದೆ. ಆದರೂ ಇಬ್ಬರೂ ಅಳೆಯಲು ಹೋಗಿಲ್ಲ. ಅಳೆದರೆ ಒಬ್ಬರ ನೆನಪಾದರೂ ಸಾಯುತ್ತದೆ.

ಪಾನ್ ಅಂಗಡಿಯವನು ಕೂಗಿದ್ದಂತೂ ನಿಜ. "ಕಾ ಪಂಡಿತ್‌ಜೀ, ಮಛಲೀ?" ಮೀನು ಹಿಡಿಯಲು ಹೊರಟಿರೇ ಎಂದು. ಶ್ರಾದ್ಧ ಮಾಡಿಸುವ ಮನೆಯವನು ಹೆಗಲ ಮೇಲೆ ಗಾಳದಂಥದ್ದನ್ನು ಹೊತ್ತು ಹೊರಟರೆ ಇನ್ನೇನು ಕೇಳಿಯಾನು? ನಮ್ಮದು ಶಿವಾಲದ ಮನೆ. ಕರ್ನಾಟಕದಿಂದ ಬರುವ ಯಾತ್ರಿಕರಿಗೆ ಅಪ್ಪ, ಅಣ್ಣ ಇಬ್ಬರೂ ಪಿಂಡಪ್ರದಾನ ಮಾಡಿಸುತ್ತಾರೆ. ನಾನು ಮಂತ್ರ ಬಿಟ್ಟು ವಿದ್ಯುತ್ ಸಾಮಾನಿನ ಅಂಗಡಿ ಸೇರಿದವನು. ಆದರೂ ಗಲ್ಲಿಯ ಲೆಕ್ಕದಲ್ಲಿ ನಮ್ಮ ಮನೆಯ ಬೆಕ್ಕೂ ಪಂಡಿತ್‌ಜೀಯೇ.

ಜೀಪು ವೈನಿಯದು, ಅಂದರೆ ಅಣ್ಣನ ಹೆಂಡತಿಯದು. ಬಾಗಲಕೋಟೆಯ ಕಡೆಯವಳು. ಅವಳ ತಂದೆಗೆ ಕಲ್ಲಿನ ಗಣಿಯ ಟಿಪ್ಪರುಗಳಿದ್ದವು. ಸೈಕಲ್ಲಿಗಿಂತ ಮೊದಲು ಟಿಪ್ಪರ್ ಕಲಿತೆ ಎನ್ನುತ್ತಾಳೆ. ಇದನ್ನು ನಾನು ಅರ್ಧ ಮಾತ್ರ ನಂಬುತ್ತೇನೆ. ಮದುವೆಯಾಗಿ ಬಂದದ್ದು ಎರಡು ಹಸು ಎದುರಾದರೆ ಸಂಚಾರ ನಿಲ್ಲುವ ಗಲ್ಲಿಗೆ. ಎಂಟು ವರ್ಷ ಸುಮ್ಮನಿದ್ದಳು. ಆಮೇಲೆ ಒಂದು ಹಳೆಯ ಜೀಪು ಬಂತು. ಗಲ್ಲಿಯೊಳಗೆ ಬರಲಾರದ್ದರಿಂದ ಅದಕ್ಕೆ ಸೋನಾರ್‌ಪುರದಲ್ಲಿ ಜಾಗ ಹುಡುಕಿದ್ದಾಯಿತು. ಚಳಿಗಾಲದ ಭಾನುವಾರಗಳಲ್ಲಿ ಇಲ್ಲಿನ ಹತ್ತು ಹನ್ನೆರಡು ಜೀಪಿನವರು ಸಾಲಾಗಿ ಚಕಿಯಾದ ಆಚೆಯ ಕಲ್ಲುಗುಡ್ಡಗಳಿಗೆ ಹೋಗುತ್ತಾರೆ. ವೈನಿಯೂ ಆ ಸಾಲಿಗೆ ಸೇರಿದಳು.

ಎರಡು ಚಳಿಗಾಲ ಅವಳನ್ನು ನಡುವೆ ಇಟ್ಟರು. ಮುಂದೊಬ್ಬ, ಹಿಂದೊಬ್ಬ, ನಡುವೆ ಜೋಪಾನವಾಗಿ ಭೌಜಿ, ಅಂದರೆ ಅತ್ತಿಗೆ. ಇಲ್ಲಿನ ಗಂಡಸರ ಮರ್ಯಾದೆ ಇಂಥದ್ದು. ಮೂರನೆಯ ಚಳಿಗಾಲದಲ್ಲಿ ಸಾಲಿನ ಮುಂದಾಳು ತಾನಾಗಿಯೇ ಫೋನ್ ಮಾಡಿದ. ಅವನದು ಟೈರಿನ ಅಂಗಡಿ, ದೊಡ್ಡ ಮೀಸೆ, ಸಣ್ಣ ದನಿ. ಈ ಭಾನುವಾರ ಕಡೆಯ ಗಾಡಿ ನಿಮ್ಮದಾಗಲಿ ಎಂದ. ಕಡೆಯ ಗಾಡಿ ಎಂದರೆ ಸಾಲಿನ ಹೊಣೆ. ಯಾರು ಕೆಸರಲ್ಲಿ ಸಿಕ್ಕರು, ಯಾರು ಹಿಂದುಳಿದರು ಎಂದು ನೋಡಿ, ಎಳೆದು ಹಾಕಿ, ಎಲ್ಲರೂ ದಾಟಿದ ಮೇಲೆ ತಾನು ದಾಟಿ ಮುಂದಾಳಿಗೆ ಸುದ್ದಿ ಮುಟ್ಟಿಸಬೇಕು. ಗುಡ್ಡದಲ್ಲಿ ಫೋನು ಸತ್ತಿರುತ್ತದೆ. ಅದಕ್ಕೇ ಸಿಬಿ ರೇಡಿಯೊ, ಗಾಡಿಯಿಂದ ಗಾಡಿಗೆ ಮಾತಾಡಲು ಪರವಾನಗಿ ಬೇಡದ ಐದು ವಾಟಿನ ಪುಟ್ಟ ಪೆಟ್ಟಿಗೆ. ಮುಂದಾಳಿನದು ಒಂದೇ ಷರತ್ತು: ಶನಿವಾರ ಸಂಜೆ ಐದಕ್ಕೆ ತಾನು ಗಂಗೆಯ ಆಚೆ ದಡದ ಮರಳಿನಲ್ಲಿ ನಿಂತಿರುತ್ತೇನೆ, ಭೌಜಿಯ ದನಿ ಅಲ್ಲಿಗೆ ಕೇಳಬೇಕು. ಕೇಳದಿದ್ದರೆ ಕಡೆಯ ಜಾಗ ತನ್ನ ಭಾವಮೈದುನನಿಗೆ.

ಆ ಭಾವಮೈದುನನನ್ನು ವೈನಿ ಹಿಂದಿನ ವರ್ಷ ಎರಡು ಸಲ ಹೊಂಡದಿಂದ ಎಳೆದಿದ್ದಳು.

"ಅವ ನನ್ನ ಹಿಂದ ನಿಂತು ನನ್ನ ಕಾಯ್ತಾನಂತ," ಎಂದಳು ಫೋನಿಟ್ಟು. "ತಮ್ಮಾ, ನಿನಗ ಆಂಟೆನಾ ಕೂಡಿಸೂದು ಬರ್ತದೋ ಇಲ್ಲೋ?"

"ಬರ್ತದ," ಎಂದೆ. ಅಲ್ಲಿಯವರೆಗೆ ಕೂಡಿಸಿರಲಿಲ್ಲ.

ಸೋಮವಾರ ಕೆಲಸ ಶುರುವಾಯಿತು. ಓದಿಕೊಂಡು ಬಂದಿದ್ದೆ. ನಾವು ಆಂಟೆನಾ ಎನ್ನುವ ಕಡ್ಡಿ ಅರ್ಧ ಆಂಟೆನಾ ಮಾತ್ರ, ಉಳಿದರ್ಧ ಜೀಪಿನ ಮೈ. ಕಡ್ಡಿ ನಿಲ್ಲುವ ಬ್ರಾಕೆಟ್ಟು ಬರಿ ಕಬ್ಬಿಣವನ್ನು ಮುಟ್ಟಬೇಕು, ನಡುವೆ ಬಣ್ಣ ಇರಬಾರದು. ಹಿಂಬಾಗಿಲ ಪಕ್ಕದ ಮೂಲೆಯಲ್ಲಿ ಅಂಗೈಯಷ್ಟು ಜಾಗದ ಹಸಿರು ಬಣ್ಣವನ್ನು ವೈನಿ ಉಪ್ಪುಕಾಗದದಿಂದ ಉಜ್ಜಿ ಉಜ್ಜಿ ತೆಗೆದಳು. ಕಬ್ಬಿಣ ಬೆಳ್ಳಗೆ ಮಿಂಚಿತು. ಬೋಲ್ಟು ಗಿಡ್ಡವಾದವು. ಉದ್ದನೆಯವು ಸಿಗುವುದು ಶನಿವಾರಕ್ಕೆ ಎಂದ ಅಂಗಡಿಯವನು. ಬ್ರಾಕೆಟ್ಟನ್ನು ಜೀಪಿನ ಹಿಂಭಾಗದಲ್ಲೇ ಇಟ್ಟು ಬಂದೆವು.

ಮಂಗಳವಾರ ಅವ್ವ ಹನುಮಂತನ ಗುಡಿಗೆ ಹೋದವಳು ಹಾಗೇ ಜೀಪು ನೋಡಿ ಬಂದಳು. ಅವಳಿಗೆ ಆ ಉಜ್ಜಿದ ಜಾಗ ಗಾಯದ ಹಾಗೆ ಕಂಡಿತು.

ಊರ ಕಡೆಯಲ್ಲಾಗಿದ್ದರೆ ಅವ್ವ ಅರಿಶಿನ ಕುಂಕುಮ ಹಚ್ಚಿ ನಿಂಬೆಹಣ್ಣು ಕಟ್ಟಿ ಸುಮ್ಮನಾಗುತ್ತಿದ್ದಳು. ಕುಂಕುಮ ಗಾಳಿಗೆ ಉದುರುತ್ತಿತ್ತು, ಈ ಕತೆಯೂ ಇರುತ್ತಿರಲಿಲ್ಲ. ಆದರೆ ನಲವತ್ತು ವರ್ಷ ಕಾಶಿಯಲ್ಲಿದ್ದು ಅವಳು ಇಲ್ಲಿನ ಹನುಮಂತನ ಕೇಸರಿ ಸಿಂಧೂರವನ್ನು, ಎಣ್ಣೆಯಲ್ಲಿ ಕಲಸಿ ಮೆತ್ತುವ ಸಿಂಧೂರವನ್ನು, ಕಲಿತುಬಿಟ್ಟಿದ್ದಾಳೆ. ಕಲಸಲು ಇಲ್ಲಿಯವರು ಬಳಸುವ ಸಾಸಿವೆ ಎಣ್ಣೆಯನ್ನು ಮಾತ್ರ ಇನ್ನೂ ಒಪ್ಪಿಲ್ಲ, ವಾಸನೆ ಅಂತೆ. ಅವಳು ಬಳಸಿದ್ದು ಊರಿಂದ ತರಿಸಿದ ಅಗಸಿ ಎಣ್ಣೆ. ಅಗಸಿ ಎಣ್ಣೆ ಬಿಸಿಲಿಗೆ ಒಣಗಿ ಗಟ್ಟಿಯಾಗುತ್ತದೆ. ಬಾಗಿಲು ಕಿಟಕಿಗೆ ಹಚ್ಚುವ ಹಳೆಯ ಬಣ್ಣಗಳೆಲ್ಲ ಅದರಲ್ಲೇ ಕಲಸಿದವು. ಕಾಶಿಯ ಸಿಂಧೂರ, ಊರಿನ ಎಣ್ಣೆ: ಅವ್ವ ತನಗೆ ಗೊತ್ತಿಲ್ಲದೆ ಒಳ್ಳೆಯ ಪೇಂಟು ತಯಾರಿಸಿದ್ದಳು. ಉಜ್ಜಿದ ಜಾಗಕ್ಕೂ ಹಚ್ಚಿದಳು, ಬ್ರಾಕೆಟ್ಟಿಗೂ ಬಳಿದಳು, ಬೋಲ್ಟಿನ ತೂತುಗಳನ್ನೂ ಬಿಡಲಿಲ್ಲ. ನಾಲ್ಕು ದಿನ ಬಿಸಿಲು ಬಿತ್ತು.

ಇಲ್ಲಿ ನಾನು ಬಹಳ ದಿನಗಳಿಂದ ಒಂದು ಸುಳ್ಳು ಹೇಳುತ್ತ ಬಂದಿದ್ದೇನೆ. ಶನಿವಾರ ನಾವು ಅದನ್ನು ಗಮನಿಸಲಿಲ್ಲ ಎಂದು. ಹಾಗೆ ಹೇಳಿದರೆ ಕತೆ ಚೆನ್ನಾಗಿ ನಿಲ್ಲುತ್ತದೆ. ಅಷ್ಟು ಕೇಸರಿಯನ್ನು ಯಾರು ಗಮನಿಸುವುದಿಲ್ಲ? ಇಬ್ಬರೂ ನೋಡಿದೆವು. ವೈನಿ ನನ್ನ ಮುಖ ನೋಡಿದಳು, ನಾನು ಬೋಲ್ಟು ನೋಡಿದೆ. ಅತ್ತೆ ಹಚ್ಚಿದ ಸಿಂಧೂರವನ್ನು ಸೊಸೆ ಕೆರೆಯುವುದು ಹೇಗೆ? ಅವ್ವ ಹಚ್ಚಿದ್ದನ್ನು ಅವಳಿಲ್ಲದಾಗ ಮಗ ಕೆರೆಯುವುದು ಹೇಗೆ?

"ಬೋಲ್ಟು ಕಬ್ಬಿಣಾನ ಅಲ್ಲ? ಅದರೊಳಗಿಂದ ಹರೀತದ," ಎಂದೆ.

"ಹರೀತದ," ಎಂದಳು ವೈನಿ, ತುಸು ಜೋರಾಗಿಯೇ.

ಬಿಗಿದೆವು. ಕೇಬಲ್ಲು ಎಳೆದು ಡ್ಯಾಶ್‌ಬೋರ್ಡಿನ ಕೆಳಗೆ ರೇಡಿಯೊ ಕೂಡಿಸಿ ನಡುವೆ ಮೀಟರು ಹಾಕಿದೆವು. ಕಡ್ಡಿಗೆ ಕೊಟ್ಟ ಶಕ್ತಿಯಲ್ಲಿ ಎಷ್ಟು ಹೊರಗೆ ಹೋಗದೆ ವಾಪಸು ಬರುತ್ತಿದೆ ಎಂದು ತೋರಿಸುವ ಮೀಟರು ಅದು. ಮುಳ್ಳು ಒಂದೂವರೆಯ ಒಳಗಿದ್ದರೆ ಸೊಗಸು, ಎರಡಾದರೆ ಪರವಾಗಿಲ್ಲ, ಮೂರು ದಾಟಿದರೆ ಕೆಂಪು. ವೈನಿ ಮೈಕಿನ ಬಟನ್ ಒತ್ತಿದಳು. ಮುಳ್ಳು ಕೆಂಪಿನ ಕೊನೆಗೆ ಹೋಗಿ ಒರಗಿತು. ಕೆಳಗಿನ ಚಾನೆಲ್ಲಿನಲ್ಲಿ ಕೆಂಪು, ನಡುವೆ ಕೆಂಪು, ಮೇಲೆಯೂ ಕೆಂಪು.

ಕಡ್ಡಿಯ ತುದಿಯಲ್ಲಿ ಒಂದು ತಿರುಪು ಇರುತ್ತದೆ, ಉದ್ದ ಹೆಚ್ಚು ಕಡಿಮೆ ಮಾಡಲು. ಒಳಗೆ ತಿರುಗಿಸಿದೆವು, ಹೊರಗೆ ತಿರುಗಿಸಿದೆವು. ಮುಳ್ಳು ಕದಲಲಿಲ್ಲ. ಪಕ್ಕದ ಇ-ರಿಕ್ಷಾದವನು ಇಳಿದು ಬಂದು ಕಡ್ಡಿಯನ್ನು ಒಂದು ಗೇಣು ಕತ್ತರಿಸಿ ಎಂದು ಸಲಹೆ ಕೊಟ್ಟ.

"ಮೊದಲ ನಿನ್ನ ಮೀಸಿ ಕತ್ತರಿಸು," ಎಂದಳು ವೈನಿ ಕನ್ನಡದಲ್ಲಿ, ಆಮೇಲೆ ಹಿಂದಿಯಲ್ಲಿ "ಧನ್ಯವಾದ್ ಭಯ್ಯಾ."

ಗಂಟೆ ಮೂರೂವರೆ. ನಾನು ಮಲ್ಟಿಮೀಟರ್ ತೆಗೆದು ಅದರ ಒಂದು ಮೊನೆಯನ್ನು ಬ್ರಾಕೆಟ್ಟಿಗೆ, ಇನ್ನೊಂದನ್ನು ಜೀಪಿನ ಮೈಗೆ ಇಟ್ಟೆ. ಸಂಪರ್ಕವಿದ್ದರೆ ಅದು ಕುಂಯ್ ಎನ್ನಬೇಕು. ಎನ್ನಲಿಲ್ಲ. ಬೋಲ್ಟಿಗೆ ಇಟ್ಟೆ, ಅಲ್ಲಿಯೂ ಇಲ್ಲ. ಕಬ್ಬಿಣಕ್ಕೂ ಕಬ್ಬಿಣಕ್ಕೂ ನಡುವೆ ಹನುಮಂತ ಕೂತಿದ್ದ. ಇಬ್ಬರಿಗೂ ಗೊತ್ತಾಯಿತು. ಗೊತ್ತಿದ್ದದ್ದೇ ಮತ್ತೊಮ್ಮೆ ಗೊತ್ತಾಯಿತು ಅನ್ನಬೇಕು. ಆದರೂ ಹತ್ತು ನಿಮಿಷ ಕೇಬಲ್ಲನ್ನು ಬಯ್ದೆವು.

ಅಷ್ಟರಲ್ಲಿ ಅವ್ವ ಬಂದಳು, ಕೈಯಲ್ಲಿ ಹಚ್ಚಿದ ಅವಲಕ್ಕಿಯ ಸ್ಟೀಲ್ ಡಬ್ಬಿ.

"ಯಾಕ, ಇಬ್ಬರೂ ಸೂತಕದವರ ಹಂಗ ಕೂತೀರಿ?"

"ಏನಿಲ್ಲರೀ ಅತ್ಯಾ, ಕೇಬಲ್ಲು ಸರಿ ಇಲ್ಲ," ಎಂದಳು ವೈನಿ.

ನಿಜವನ್ನು ನಾನು ಹೇಳಿದೆ ಅಂದುಕೊಂಡಿದ್ದೇನೆ. ನಾನೇ ಹೇಳಿದ್ದು ಎಂದು ವೈನಿಯೂ ಹೇಳುತ್ತಾಳೆ. ಆದರೆ ಇಂಥ ವಿಷಯದಲ್ಲಿ ಅವಳ ಸಾಕ್ಷ್ಯ ನನಗೆ ಅನುಮಾನ. ನಾನು ಸಿಂಧೂರದ ಕಡೆ ಕೈ ಮಾತ್ರ ತೋರಿಸಿರಬಹುದು. ಅಂತೂ ಅವ್ವನಿಗೆ ತಿಳಿಯಿತು: ಸಿಂಧೂರ ನಡುವೆ ಇದ್ದರೆ ದನಿ ಹೊರಗೆ ಹೋಗುವುದಿಲ್ಲ, ಐದಕ್ಕೆ ಆಚೆ ದಡದಲ್ಲಿ ಮುಂದಾಳು ಕಾಯುತ್ತಾನೆ, ಕೇಳದಿದ್ದರೆ ಜಾಗ ಹೋಯಿತು.

ಅವ್ವ ಡಬ್ಬಿಯನ್ನು ಬಾನೆಟ್ಟಿನ ಮೇಲಿಟ್ಟಳು.

"ಇಷ್ಟಕ್ಕ ಮುಂಜಾನಿಂದ ಕೂತೀರೇನು? ನಿಮ್ಮಪ್ಪ ದಿನಾ ಎಷ್ಟು ದೇವರನ್ನ ಕರೀತಾನ, ಎಷ್ಟು ದೇವರನ್ನ ಕಳಸ್ತಾನ. ಕರದವರನ್ನ ಕಳಸಲಿಕ್ಕೆ ಬರಲಾರದ ಮನೀ ಏನು ನಮ್ಮದು?"

"ತೆಗೀಬಹುದೇನ್ರೀ ಮತ್ತ?" ಎಂದಳು ವೈನಿ.

"ಹಂಗ ಕೆರದರ ತಪ್ಪು. ಹೇಳಿ ಕಳಸಿದರ ಏನು ತಪ್ಪು?"

ಡಬ್ಬಿ ತೆರೆದಳು. ಅಕ್ಷತೆ ಎಲ್ಲಿಂದ ಬರಬೇಕು? ಅವಲಕ್ಕಿಯಲ್ಲಿ ಖಾರದಪುಡಿ, ಒಗ್ಗರಣೆ. ಮುಚ್ಚಿದಳು. ವೈನಿ ಎದುರಿನ ಕಿರಾಣಿ ಅಂಗಡಿಗೆ ಓಡಿ ಒಂದು ಹಿಡಿ ಅಕ್ಕಿ ತಂದಳು. ಅವ್ವ ಬ್ರಾಕೆಟ್ಟಿನ ಮೇಲೆ ನಾಲ್ಕು ಕಾಳು ಹಾಕಿ, ಬಂದ ದಾರಿಯಲ್ಲಿ ಸುಖವಾಗಿ ಹೋಗಿ ಬಾರಪ್ಪಾ ಎಂದು ಮನೆಗೆ ಬಂದ ಅಳಿಯನನ್ನು ಕಳಿಸುವ ದನಿಯಲ್ಲಿ ಹೇಳಿ, ಮೊದಲ ಗೆರೆಯನ್ನು ತಾನೇ ಉಪ್ಪುಕಾಗದದಿಂದ ಎಳೆದಳು. ಎರಡು ಸಲ ಎಳೆದು ನಿಂತಳು.

"ಅಯ್ಯ, ಎಷ್ಟು ಗಟ್ಟಿ ಹಿಡದದ! ನಾ ಹಚ್ಚಿದ್ದಂದ್ರ ಹಂಗ," ಎಂದು ಹೆಮ್ಮೆಪಟ್ಟು ಕಾಗದವನ್ನು ಸೊಸೆಯ ಕೈಗೆ ಕೊಟ್ಟಳು.

ಮೈ, ಬ್ರಾಕೆಟ್ಟು, ಬೋಲ್ಟು, ತೂತು, ಎಲ್ಲವನ್ನೂ ಉಜ್ಜಿ ಮತ್ತೆ ಬಿಗಿದೆವು. ಮಲ್ಟಿಮೀಟರು ಕುಂಯ್ ಎಂದಿತು. ಮುಳ್ಳು ಕೆಂಪು ಬಿಟ್ಟು ಇಳಿಯಿತು: ಕೆಳಗಿನ ಚಾನೆಲ್ಲಿನಲ್ಲಿ ಒಂದೂವರೆ, ಮೇಲಿನದರಲ್ಲಿ ಎರಡೂಕಾಲು. ಮೇಲೆ ಹೆಚ್ಚಾದರೆ ಕಡ್ಡಿ ಉದ್ದ ಎಂದರ್ಥ. ತುದಿಯ ತಿರುಪನ್ನು ಒಂದು ಸುತ್ತು ಒಳಗೆ. ಅಳೆಯುವಾಗ ಬಾಗಿಲೆಲ್ಲ ಮುಚ್ಚಿರಬೇಕು, ಹತ್ತಿರ ಯಾರೂ ನಿಂತಿರಬಾರದು. ಮನುಷ್ಯನ ಮೈಯೂ ಲೆಕ್ಕ ಕೆಡಿಸುತ್ತದೆ. ವೈನಿ ಒಳಗೆ ಕೂತಳು. ನಾನು, ಅವ್ವ, ಇ-ರಿಕ್ಷಾದವನು ಪ್ರತಿ ಸಲವೂ ಹತ್ತು ಹೆಜ್ಜೆ ದೂರ ಹೋಗಿ ಮತ್ತೆ ಬಂದೆವು. ಅವ್ವನಿಗೆ ಇದು ಪ್ರದಕ್ಷಿಣೆಯಷ್ಟೇ ಸಹಜ. ಮೂರನೆಯ ಸಲ ಬಾನೆಟ್ಟಿನ ಮೇಲಿನ ಡಬ್ಬಿಯನ್ನೂ ತಾನೇ ಎತ್ತಿಕೊಂಡು ದೂರ ಹೋದಳು. ಮುಳ್ಳು ಎಲ್ಲ ಕಡೆಯೂ ಒಂದೂವರೆಯ ಒಳಗೆ ಬಂದಾಗ ಗಂಟೆ ಐದಕ್ಕೆ ಎರಡು ನಿಮಿಷ ಇತ್ತೋ, ಎರಡು ನಿಮಿಷ ಆಗಿಹೋಗಿತ್ತೋ. ಆಗಿಹೋಗಿತ್ತು ಅನ್ನಿಸುತ್ತದೆ.

ವೈನಿ ಬಟನ್ ಒತ್ತಿ ಕರೆದಳು. ಬರಿ ಸರಸರ. ಮತ್ತೆ ಕರೆದಳು. ಅವಳ ಕಿವಿ ಕೆಂಪಾಗಿತ್ತು. ಮೂರನೆಯ ಸಲಕ್ಕೆ ಕಡಲೆ ಹುರಿದಂಥ ಸದ್ದಿನ ನಡುವಿಂದ ಆ ಸಣ್ಣ ದನಿ ಬಂತು: "ಭೌಜೀ! ಏಕ್‌ದಮ್ ಸಾಫ್!" ಸ್ಪಷ್ಟವಾಗಿ ಕೇಳುತ್ತಿದೆ, ನಾಳೆ ಬೆಳಿಗ್ಗೆ ಆರಕ್ಕೆ ಸೇತುವೆಯ ಹತ್ತಿರ ಬನ್ನಿ, ಕಡೆಯ ಗಾಡಿ ನಿಮ್ಮದೇ.

ವೈನಿ ಸ್ಟೀರಿಂಗಿನ ಮೇಲೆ ಹಣೆ ಇಟ್ಟು ನಕ್ಕಳು.

"ಏನಂದ ಅವ?" ಅವ್ವ ಕಿಟಕಿಯ ಬಳಿ ಬಂದಳು. ಹಿಂದಿ ಅವಳಿಗೆ ಅರ್ಥವಾಗಿತ್ತು, ಅರ್ಥವಾದದ್ದು ಸರಿಬಂದಿರಲಿಲ್ಲ. "ಕಡೀಕ ಅಂದನ? ಇಷ್ಟೆಲ್ಲಾ ಮಾಡಿಸಿ ನನ್ನ ಸೊಸೀನ ಎಲ್ಲಾರ ಹಿಂದ ನಿಂದರಸ್ತಾನ?"

"ಅಲ್ಲರೀ ಅತ್ಯಾ, ಅದು ದೊಡ್ಡ ಜಾಗ. ಎಲ್ಲಾರನ್ನೂ ನಾ ನೋಡ್ಕೋಬೇಕು."

"ನೋಡ್ಕೊಳ್ಳೂದನ್ನ ಮುಂದ ನಿಂತು ಮಾಡಲಿಕ್ಕೆ ಬರೂದಿಲ್ಲೇನು? ಕೊಡು ಇಲ್ಲೆ."

ಮೈಕನ್ನು ಕಿತ್ತುಕೊಂಡು ಬಟನ್ ಒತ್ತಿದಳು. ಶುದ್ಧ ಬನಾರಸಿ ಹಿಂದಿಯಲ್ಲಿ, ನಡುನಡುವೆ ಕನ್ನಡದ ಬೈಗುಳ ಸೇರಿಸಿ, ಆಚೆ ದಡದ ಟೈರಂಗಡಿಯವನಿಗೆ ಸಾಲಿನ ಪಾಠ ಹೇಳತೊಡಗಿದಳು. ನಮ್ಮ ಸೊಸೆ ಗಣಿಯಲ್ಲಿ ಟಿಪ್ಪರ್ ಓಡಿಸಿದವಳು ಎಂದಳು, ಅವಳ ಮುಂದೆ ನಿಲ್ಲುವ ಯೋಗ್ಯತೆ ನಿಮ್ಮಲ್ಲಿ ಯಾರಿಗಿದೆ ಎಂದಳು.

"ಬಟನ್ ಬಿಡರೀ ಅತ್ಯಾ," ವೈನಿ ಸ್ಟೀರಿಂಗ್ ಹಿಡಿದು ನಗುತ್ತಲೇ ಇದ್ದಳು. "ನೀವು ಅದನ್ನ ಒತ್ತಿ ಹಿಡದಾಗ ಅವರ ಮಾತು ನಮಗ ಕೇಳೂದಿಲ್ಲ."

ಅವ್ವ ಬಿಡಲಿಲ್ಲ. ಅವಳು ಹೇಳುವುದು ಇನ್ನೂ ಮುಗಿದಿರಲಿಲ್ಲ.