ತೈಲಬಾವಿಯ ಮೇಲೆ ತುಳಸಿ

ನಮ್ಮತ್ತೆ ಇಡೀ ತಿಂಗಳು ತೈಲಬಾವಿಯ ಮೇಲೆ ದೀಪ ಹಚ್ಚಿದರು. ನಾವು ಪಕ್ಕದಲ್ಲಿ ನಿಂತು ಕೈಮುಗಿದೆವು. ಯಾರಿಗೂ ಏನೂ ಆಗಲಿಲ್ಲ, ಹಾಗಾಗಿ ಈಗ ನಗಬಹುದು.

ಮಲೇಷ್ಯಾದ ರಾಜಧಾನಿಯ ಪಕ್ಕದ ಪುಚೊಂಗ್‌ನ ಫ್ಲ್ಯಾಟ್ ಬಿಟ್ಟು ನಾವು ಮಿರಿಗೆ ಬಂದಿದ್ದೆವು. (ಮಲೇಷ್ಯಾದಲ್ಲಿ ಮೊದಲು ಎಣ್ಣೆ ಸಿಕ್ಕಿದ್ದು ಇದೇ ಊರಲ್ಲಿ.) ನಮ್ಮ ಯಜಮಾನರಿಗೆ ಇಲ್ಲಿನ ತೈಲ ಕಂಪನಿಯಲ್ಲಿ ಕೆಲಸ. ಸಮುದ್ರದ ತಳದ ಬಾವಿ ಎಲ್ಲಿ ಸೋರುತ್ತಿದೆ ಅಂತ ಪತ್ತೆ ಹಚ್ಚುವುದೇ ಅವರ ನೌಕರಿ.

ನಾವು ಕೊಂಡಿದ್ದು ಹಳೇ ಮನೆ. ಹಿತ್ತಿಲ ನಡುವೆ ಸೊಂಟದೆತ್ತರದ ಸಿಮೆಂಟ್ ಕಟ್ಟೆ, ಅದರ ಮೇಲೊಂದು ಗುಂಡಿ. ಯಾರು ಕಟ್ಟಿದರು, ಯಾಕೆ ಕಟ್ಟಿದರು? ಯಾರು ಕೇಳುತ್ತಾರೆ! ಉಡುಪಿಯಿಂದ ಬಂದ ಅತ್ತೆ ಮಾತ್ರ ನೋಡಿದವರೇ, "ಹೋ, ತುಳಸಿಕಟ್ಟೆ ರೆಡಿ ಉಂಟಲ್ಲ!" ಅಂದು, ಗುಂಡಿಗೆ ಮಣ್ಣು ತುಂಬಿ ತುಳಸಿ ನೆಟ್ಟೇ ಬಿಟ್ಟರು. ಮದುವೆಯಾದಾಗಿನಿಂದ ಒಂದು ಸಂಜೆಯೂ ತುಳಸಿ ದೀಪ ತಪ್ಪಿಸಿದವರಲ್ಲ.

ತುಳಸಿ ಒಣಗಿತು. ಇನ್ನೊಂದು ನೆಟ್ಟರು. ಅದೂ ಒಣಗಿತು.

"ಮಡಿಯಿಲ್ಲದೆ ಮುಟ್ಟಿದಿಯಾ ಎಂತ?" ಅಂತ ಅತ್ತೆ ನನ್ನನ್ನೇ ನೋಡಿದರು. (ಗಿಡ ಸತ್ತರೂ ಸೊಸೆಯೇ ಕಾರಣ!)

ಕಟ್ಟೆಯ ಹತ್ತಿರ ಸೀಮೆಎಣ್ಣೆಯಂಥ ವಾಸನೆ ಬೇರೆ. "ರೀ, ಏನೋ ವಾಸನೆ" ಅಂದೆ. ಯಜಮಾನರು ಮೂಗೆತ್ತಿ ಒಮ್ಮೆ ಮೂಸಿ, "ಡ್ರೈನೇಜ್" ಅಂತ ತೀರ್ಪು ಕೊಟ್ಟು ಒಳಗೆ ಹೋದರು. ಎಕ್ಸ್‌ಪರ್ಟ್ ಹೇಳಿದ ಮೇಲೆ ಮುಗಿಯಿತಲ್ಲ!

ಒಂದು ಸಂಜೆ ಅತ್ತೆ ಕಡ್ಡಿ ಗೀರಿದ್ದೇ ತಡ, ಮಗಳ ಮನೆಯಿಂದ ಅಂದಷ್ಟೇ ಮರಳಿದ್ದ ಪಕ್ಕದ ಮನೆಯ ಚೀನೀ ಅಜ್ಜಿ ಬೇಲಿಯಾಚೆಯಿಂದ ಕಿರುಚಿದರು. "ನೋ ಫೈರ್ ಲಾ! ದಟ್ ಒನ್ ಓಲ್ಡ್ ಆಯಿಲ್ ವೆಲ್!"

ಅತ್ತೆಗೆ ಇಂಗ್ಲಿಷ್ ಬಾರದು, ಆದರೆ ಕಿರುಚಿದ್ದು ಅರ್ಥವಾಯಿತು. ಕಡ್ಡಿ ಆರಿಸಿದರು. ಇಷ್ಟು ದಿನ ನಾವು ಮಾಡಿದ್ದೇನು? ಯಜಮಾನರ ಮುಖವನ್ನಂತೂ ನೀವು ನೋಡಬೇಕಿತ್ತು.

ಅಂದಿನಿಂದ ಅತ್ತೆಯ ದೀಪ ನಿಂತಿತು. ಮುಂದಿನ ವರಾಂಡದಲ್ಲಿ ಬೇರೆ ಕುಂಡ ಇಡೋಣ ಅಂದೆ. "ಗ್ಯಾಸ್ ವರಾಂಡಕ್ಕೆ ಬರುವುದಿಲ್ಲ ಅಂತ ಯಾರು ಹೇಳಿದ್ದು? ನಿನ್ನ ಗಂಡನಾ?" ಅಂದರು. ಬಾವಿ ಮುಚ್ಚುವವರೆಗೆ ದೀಪ ಬೇಡ ಅಂತ ಅವರೇ ತೀರ್ಮಾನಿಸಿದರು. ಸಂಜೆಯಾದರೆ ಎಣ್ಣೆಬತ್ತಿ ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂರುತ್ತಿದ್ದರು. ನೋಡಿ ಸಂಕಟವಾಯಿತು.

ಬಾವಿ ಮುಚ್ಚಿಸಲು ಫೋನ್ ಹಿಡಿದು ಕೂತೆವು. ಜಾಗ ನಮ್ಮದು, ಬಾವಿ ನಮ್ಮದಲ್ಲವಂತೆ. ಹಾಗಾದರೆ ಯಾರದ್ದು? ತೋಡಿದವರು ಯಾವ ಕಾಲದಲ್ಲೋ ಎಣ್ಣೆ ಬಳಿದುಕೊಂಡು ಹೋಗಿಯಾಗಿದೆ. ಒಂದು ಆಫೀಸು ಇನ್ನೊಂದರತ್ತ ಕೈ ತೋರಿಸಿತು, ಅದು ಮತ್ತೆ ಮೊದಲಿನದರತ್ತ.

ಕಡೆಗೂ ಹೆಲ್ಮೆಟ್ ಹಾಕಿದ ಆಫೀಸರ್ ಒಬ್ಬರು ಬಂದರು. ಗ್ಯಾಸ್ ಅಳೆಯುವ ಮೀಟರ್ ಹಿಡಿದರು. ಸೋರುತ್ತಿರುವುದು ನಿಜ ಅಂದು ಕಟ್ಟೆಯ ಸುತ್ತ ಟೇಪ್ ಕಟ್ಟಿದರು. "ಮುಚ್ಚುವುದು ಯಾವಾಗ ಸಾರ್?" ಅಂತ ಕೇಳಿದೆ. "ಯಾರು ಮುಚ್ಚಬೇಕು ಅಂತ ಮೊದಲು ತೀರ್ಮಾನ ಆಗಬೇಕಲ್ಲ" ಅಂದರು ನಗುತ್ತಾ.

ಅಷ್ಟು ಹೊತ್ತು ಬಾಗಿಲಲ್ಲಿ ನಿಂತಿದ್ದ ಅತ್ತೆ, ನಾನು ಅದನ್ನು ಕನ್ನಡದಲ್ಲಿ ಹೇಳಿದ್ದೇ ತಡ, ಮಗನತ್ತ ತಿರುಗಿದರು. "ಡಬ್ಬಿ ತೆಗೆದವರೇ ಮುಚ್ಚಳ ಹಾಕಬೇಕು. ಇದರಲ್ಲಿ ತೀರ್ಮಾನ ಮಾಡ್ಲಿಕ್ಕೆ ಎಂತ ಉಂಟು? ಅವರಿಗೆ ಇಂಗ್ಲಿಷಲ್ಲಿ ಹೇಳು ಮಾರಾಯ."

ಆಫೀಸರ್ ಕಾದು ನಿಂತರು. ಯಜಮಾನರು ಕೆಮ್ಮಿ, "ಮೈ ಮದರ್ ಸೇಸ್ ಥ್ಯಾಂಕ್ ಯೂ" ಅಂದರು.

ಪಾಪ, ಅವರಾದರೂ ಏನು ಮಾಡಿಯಾರು? ನಮ್ಮ ಮನೆಗೆ ಸಂಬಳ ಬರುವುದೂ ಅಂಥದ್ದೇ ಡಬ್ಬಿಯಿಂದಲ್ಲವೇ?